ಟೋಕನ್ ಕೊಡುವ ಮುನ್ನ: ನೆಟ್‌ವರ್ಕ್ ಮತ್ತು ಆ್ಯಪ್ ಮಾನಿಟರಿಂಗ್ ಟೂಲ್‌ಗಳನ್ನು ಜೋಡಿಸುವುದು ಹೇಗೆ

ಆ್ಯಪ್ ನಿಧಾನವಾಗಿದೆ ಎಂಬ ದೂರು ಬಂದ ಕೂಡಲೇ ಶುರುವಾಗುವ ಮಾತುಕತೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ತರಹ. ಆ್ಯಪ್ ತಂಡ ತನ್ನ ಡ್ಯಾಶ್‌ಬೋರ್ಡ್ ತೆರೆದು, "ನಮ್ಮ ಕಡೆಯಿಂದ 80 ಮಿಲಿಸೆಕೆಂಡಿಗೆ ಉತ್ತರ ಹೋಗ್ತಿದೆ, ನೆಟ್‌ವರ್ಕ್ ನೋಡ್ಕೊಳ್ಳಿ" ಅನ್ನುತ್ತದೆ. ನೆಟ್‌ವರ್ಕ್ ತಂಡ ತನ್ನದನ್ನು ತೆರೆದು, "ಲಿಂಕ್ ಎಲ್ಲಾ ಅಪ್ ಇದೆ, ಪ್ಯಾಕೆಟ್ ಲಾಸ್ ಸೊನ್ನೆ, ಡೇಟಾಬೇಸ್ ನೋಡ್ಕೊಳ್ಳಿ" ಅನ್ನುತ್ತದೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಆ್ಯಪ್ ಮಾನಿಟರಿಂಗ್ ಟೂಲಿಗೆ ಗೊತ್ತಿರುವುದು ವಿನಂತಿ ಸರ್ವರಿಗೆ ಬಂದು ಮುಟ್ಟಿದ ಮೇಲಿನ ಕತೆ. ಅದಕ್ಕೂ ಮುಂಚೆ ಹೆಸರಿನಿಂದ ವಿಳಾಸ ಕಂಡುಹಿಡಿಯುವ ಡಿಎನ್‌ಎಸ್ ಹುಡುಕಾಟದಲ್ಲಿ, ಗೂಢಲಿಪಿಯ ಸಂಪರ್ಕ ಕುದುರಿಸುವ ಟಿಎಲ್‌ಎಸ್ ಹ್ಯಾಂಡ್‌ಶೇಕ್‌ನಲ್ಲಿ, ನಡುವಿನ ಯಾವುದೋ ರೂಟರ್‌ನಲ್ಲಿ ಕಳೆದುಹೋದ ಸಮಯ ಅದರ ಲೆಕ್ಕಕ್ಕೇ ಬರುವುದಿಲ್ಲ. ನೆಟ್‌ವರ್ಕ್ ಟೂಲಿಗೆ ದಾರಿಯೆಲ್ಲ ಗೊತ್ತು, ಆದರೆ ಆ ದಾರಿಯಲ್ಲಿ ಹೋದದ್ದು ಲಾಗಿನ್ ವಿನಂತಿಯೋ ಪಾವತಿಯೋ ಎಂಬುದು ಗೊತ್ತಿಲ್ಲ. ಎರಡನ್ನೂ ಒಂದೇ ಪರದೆಯ ಮೇಲೆ, ಒಂದೇ ಕಾಲರೇಖೆಯಲ್ಲಿ ಇಟ್ಟರೆ ಮಾತ್ರ ಜಗಳ ಮುಗಿಯುತ್ತದೆ.

ಮಾರುಕಟ್ಟೆಯೂ ಈ ಕಡೆಗೇ ವಾಲಿದೆ. ರೂಟರ್, ಸ್ವಿಚ್‌ಗಳ ಕಂಪನಿಯಾದ ಸಿಸ್ಕೊ 2017ರಲ್ಲಿ ಆ್ಯಪ್ ಮಾನಿಟರಿಂಗ್‌ನ ಆ್ಯಪ್‌ಡೈನಮಿಕ್ಸ್ ಅನ್ನು, 2020ರಲ್ಲಿ ಇಂಟರ್‌ನೆಟ್ ದಾರಿಗಳನ್ನು ಅಳೆಯುವ ಥೌಸಂಡ್‌ಐಸ್ ಅನ್ನು, 2024ರಲ್ಲಿ ಲಾಗ್ ವಿಶ್ಲೇಷಣೆಯ ಸ್ಪ್ಲಂಕ್ ಅನ್ನು ಕೊಂಡುಕೊಂಡಿತು. ಹಾಗೆಂದು ಒಂದೇ ಮನೆಗೆ ಸೇರಿದ ಟೂಲ್‌ಗಳು ತಾವಾಗಿಯೇ ಮಾತಾಡಿಕೊಳ್ಳುತ್ತವೆ ಎಂದೇನಿಲ್ಲ. ಜೋಡಿಸಲು ಕೂತಾಗ ಸೆಟ್ಟಿಂಗ್ಸ್ ಪುಟದಲ್ಲಿ ಒಂದು ಖಾಲಿ ಚೌಕ ಟೋಕನ್, ಅಂದರೆ ಒಂದು ಟೂಲ್ ಇನ್ನೊಂದರೊಳಗೆ ಬರಲು ತೋರಿಸಬೇಕಾದ ಗುಟ್ಟಿನ ಅಕ್ಷರಗಳ ಸಾಲು, ಕೇಳುತ್ತಲೇ ಇರುತ್ತದೆ.

ಆ ಚೌಕದ ಬಗ್ಗೆಯೇ ಈ ಬರಹ. ಟೋಕನ್ ಹುಟ್ಟಿಸುವುದು ಎರಡು ಕ್ಲಿಕ್ಕಿನ ಕೆಲಸ, ಅಂಟಿಸುವುದು ಒಂದು ಕ್ಲಿಕ್ಕಿನದು. ಅದಕ್ಕೇ ಯಾರೂ ಅಲ್ಲಿ ನಿಂತು ಯೋಚಿಸುವುದಿಲ್ಲ. ಆದರೆ ಡೇಟಾ ಯಾವ ಕಡೆ ಹರಿಯಬೇಕು, ಯಾರ ಹೆಸರಿನಲ್ಲಿ, ಎಷ್ಟು ಅಧಿಕಾರದೊಂದಿಗೆ, ಎಲ್ಲಿಯವರೆಗೆ ಎಂಬುದೆಲ್ಲ ತೀರ್ಮಾನವಾಗುವುದು ಅದೇ ಗಳಿಗೆಯಲ್ಲಿ. ಮುಂದೆ ಕೈಕೊಡುವ ಜೋಡಣೆಗಳಲ್ಲಿ ಹೆಚ್ಚಿನವು ಕೈಕೊಡುವುದು ಆಗ ಯೋಚಿಸದೇ ಬಿಟ್ಟ ಈ ಸಂಗತಿಗಳಿಂದ.

ಪಾಸ್‌ವರ್ಡ್ ಯಾಕೆ ಬೇಡ

ನೆಟ್‌ವರ್ಕ್ ಲೋಕದಲ್ಲಿ ಇಂಥದೊಂದು ಗುಟ್ಟಿನ ಪದ ಬಹಳ ಹಿಂದಿನಿಂದ ಇದೆ. 1988ರಲ್ಲಿ ಬಂದ, ಸಾಧನಗಳ ಸ್ಥಿತಿ ಕೇಳಿ ತಿಳಿಯುವ ಎಸ್‌ಎನ್‌ಎಂಪಿ ಎಂಬ ಕ್ರಮದಲ್ಲಿ ಅದರ ಹೆಸರು ಕಮ್ಯುನಿಟಿ ಸ್ಟ್ರಿಂಗ್. ಯುಡಿಪಿ 161ನೇ ಪೋರ್ಟಿಗೆ ಆ ಪದದೊಂದಿಗೆ ಪ್ರಶ್ನೆ ಕಳಿಸಿದರೆ ರೂಟರ್ ತನ್ನ ಅಂಕಿಅಂಶ ಕೊಡುತ್ತದೆ. ಎಷ್ಟೋ ಸಾಧನಗಳಲ್ಲಿ ಆ ಪದ 'ಪಬ್ಲಿಕ್' ಎಂದೇ ಇರುತ್ತಿತ್ತು, ಯಾರೂ ಬದಲಿಸುತ್ತಿರಲಿಲ್ಲ. ಸಾಲದ್ದಕ್ಕೆ ಅದು ತಂತಿಯ ಮೇಲೆ ಬಿಚ್ಚಿಟ್ಟ ಅಕ್ಷರಗಳಲ್ಲೇ ಹೋಗುತ್ತಿತ್ತು. ಗೂಢಲಿಪಿ, ಬಳಕೆದಾರರ ಗುರುತು ಎಲ್ಲ ಇರುವ ಮೂರನೇ ಆವೃತ್ತಿ ಬಂದರೂ ಹಳೆಯ ಎರಡನೇ ಆವೃತ್ತಿ ಇಂದಿಗೂ ಎಷ್ಟೋ ಕಡೆ ಓಡುತ್ತಿದೆ.

ಆ್ಯಪ್ ಕಡೆಯವರು ಮಾಡುತ್ತಿದ್ದದ್ದೂ ಬೇರೆಯಲ್ಲ. ಯಾರದೋ ಲಾಗಿನ್ ಹೆಸರು, ಪಾಸ್‌ವರ್ಡ್ ತಂದು ಸ್ಕ್ರಿಪ್ಟ್ ಒಳಗೆ ಬರೆದುಬಿಡುತ್ತಿದ್ದರು. ಪಾಸ್‌ವರ್ಡಿನ ತೊಂದರೆ ಅದರ ಬಲ ಕಡಿಮೆ ಎಂಬುದಲ್ಲ, ಜಾಸ್ತಿ ಎಂಬುದು. ಆ ವ್ಯಕ್ತಿ ಏನೇನು ಮಾಡಬಲ್ಲನೋ ಅದೆಲ್ಲವನ್ನೂ ಆ ಸ್ಕ್ರಿಪ್ಟೂ ಮಾಡಬಲ್ಲದು. ಹಿಂತೆಗೆದುಕೊಳ್ಳಬೇಕೆಂದರೆ ಆ ಪಾಸ್‌ವರ್ಡ್ ಎಲ್ಲೆಲ್ಲಿ ಬಳಕೆಯಲ್ಲಿದೆಯೋ ಅಲ್ಲೆಲ್ಲ ಬದಲಿಸಬೇಕು. ಎರಡು ಹಂತದ ಪರಿಶೀಲನೆ ಹಾಕಿದರಂತೂ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುತ್ತದೆ, ಫೋನಿಗೆ ಬಂದ ಓಟಿಪಿ ನೋಡಿ ತುಂಬಲು ಅದಕ್ಕೇನು ಕೈಯಿದೆಯೇ!

ಟೋಕನ್ ಬಂದದ್ದು ಈ ಜಾಗಕ್ಕೆ. 2012ರ ಅಕ್ಟೋಬರಿನಲ್ಲಿ, ಪಾಸ್‌ವರ್ಡ್ ಹಂಚದೆ ಮಿತಿಯ ಪ್ರವೇಶ ಕೊಡುವ ಓಆಥ್ 2.0 ಮತ್ತು ಅದರ ಜೊತೆಗೇ ಬೇರರ್ ಟೋಕನ್ ಬಳಸುವ ಕ್ರಮ, ಇಂಟರ್‌ನೆಟ್ ಕ್ರಮಗಳನ್ನು ಬರೆದಿಡುವ ದಾಖಲೆಗಳಾದ ಆರ್‌ಎಫ್‌ಸಿಗಳಲ್ಲಿ 6749 ಮತ್ತು 6750 ಎಂಬ ಸಂಖ್ಯೆಗಳಲ್ಲಿ ಹೊರಬಂದವು. ಬೇರರ್ ಚೆಕ್ ಹಾಗೆಯೇ ಇದು: ಕೈಯಲ್ಲಿ ಯಾರು ಹಿಡಿದಿದ್ದಾರೋ ಅವರಿಗೆ ಸಲ್ಲುತ್ತದೆ, ಹೆಸರು ಕೇಳುವವರಿಲ್ಲ. ಪಾಸ್‌ವರ್ಡಿಗಿಂತ ಟೋಕನ್ ಹೆಚ್ಚು ಗುಟ್ಟಿನದು ಎಂದೇನೂ ಅಲ್ಲ. ಅದರ ಮೇಲೆ ಮಿತಿ ಹಾಕಬಹುದು, ಅವಧಿ ಹಾಕಬಹುದು, ಬೇರೇನನ್ನೂ ಮುಟ್ಟದೆ ಅದೊಂದನ್ನೇ ರದ್ದು ಮಾಡಬಹುದು. ಇರುವ ಲಾಭವೆಲ್ಲ ಇಷ್ಟೇ. ಮಿತಿ ಹಾಕದ, ಅವಧಿಯಿಲ್ಲದ ಅಡ್ಮಿನ್ ಟೋಕನ್ ಕೊಟ್ಟರೆ ಪಾಸ್‌ವರ್ಡ್ ಕೊಟ್ಟಂತೆಯೇ ಆಯಿತು.

ಯಾರು ಯಾರನ್ನು ಕರೆಯುತ್ತಾರೆ

ಜೋಡಣೆಗೆ ಕೂರುವ ಮೊದಲು ಕಾಗದದ ಮೇಲೆ ಎರಡು ಚೌಕ ಬರೆದು ನಡುವೆ ಬಾಣ ಎಳೆಯುವುದು ಒಳ್ಳೆಯದು. ಬಾಣ ಎತ್ತ ಕಡೆಗೆ ಎಂಬುದರ ಮೇಲೆ ಯಾವ ಟೋಕನ್ ಎಂಬುದು ನಿಂತಿದೆ. ನೆಟ್‌ವರ್ಕ್ ಟೂಲ್ ತನ್ನ ಅಳತೆಗಳನ್ನು ಆ್ಯಪ್ ಟೂಲಿಗೆ ತಳ್ಳುತ್ತದೆಯೋ, ಇಲ್ಲ ಆ್ಯಪ್ ಟೂಲ್ ಬಂದು ಎಳೆದುಕೊಂಡು ಹೋಗುತ್ತದೆಯೋ? ತಳ್ಳುವುದಾದರೆ ಟೋಕನ್ ಹುಟ್ಟಬೇಕಾದ್ದು ಆ್ಯಪ್ ಟೂಲಿನಲ್ಲಿ, ಬರೆಯುವ ಅಧಿಕಾರದೊಂದಿಗೆ. ಎಳೆಯುವುದಾದರೆ ಅದು ಹುಟ್ಟಬೇಕಾದ್ದು ನೆಟ್‌ವರ್ಕ್ ಟೂಲಿನಲ್ಲಿ, ಓದುವ ಅಧಿಕಾರದೊಂದಿಗೆ. ಕೇಳಿದರೆ 'ಇಷ್ಟೇನಾ' ಅನ್ನಿಸುತ್ತದೆ. ಆದರೆ ತಪ್ಪು ಮನೆಯ ಟೋಕನ್ ತಂದು ಅಂಟಿಸಿ ಅರ್ಧ ದಿನ ತಲೆ ಕೆರೆದುಕೊಳ್ಳುವವರು ಕಡಿಮೆಯಿಲ್ಲ.

ಟೂಲ್ ತಯಾರಕರೂ ಈ ವ್ಯತ್ಯಾಸವನ್ನು ಕೀಗಳಲ್ಲೇ ಇಟ್ಟಿರುತ್ತಾರೆ. ಎಪಿಐ ಎಂದರೆ ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆಯುವ ಬಾಗಿಲು. ಡೇಟಾಡಾಗ್‌ನಲ್ಲಿ ಎಪಿಐ ಕೀ ಎಂದರೆ ಡೇಟಾ ಒಳಗೆ ಕಳಿಸಲು, ಅಲ್ಲಿಂದ ಓದಬೇಕಾದರೆ ಅದರ ಜೊತೆಗೆ ಅಪ್ಲಿಕೇಶನ್ ಕೀ ಸಹ ಬೇಕು. ನ್ಯೂ ರೆಲಿಕ್‌ನಲ್ಲಿ ಏಜೆಂಟ್‌ಗಳು ಡೇಟಾ ಕಳಿಸುವುದು ಲೈಸೆನ್ಸ್ ಕೀ ಹಿಡಿದು, ಪ್ರಶ್ನೆ ಕೇಳುವುದು ಯೂಸರ್ ಕೀ ಹಿಡಿದು. ಸ್ಪ್ಲಂಕ್‌ನ ಎಚ್‌ಟಿಟಿಪಿ ಇವೆಂಟ್ ಕಲೆಕ್ಟರ್‌ಗೆ ಬೇರೆಯೇ ಟೋಕನ್, ಬೇರೆಯೇ ಪೋರ್ಟ್, ಮಾಮೂಲಿಯಾಗಿ 8088. ಕಳಿಸುವ ಕೀ ಹಿಡಿದು ಓದಲು ಹೋದರೆ ಬಾಗಿಲು ತೆರೆಯುವುದಿಲ್ಲ, ಟೂಲ್ ಕೆಟ್ಟಿದೆ ಎಂದು ಸಪೋರ್ಟಿಗೆ ಬರೆಯುವ ಮುನ್ನ ಇದನ್ನೊಮ್ಮೆ ನೋಡಬೇಕು.

ಬಾಣದ ದಿಕ್ಕು ಫೈರ್‌ವಾಲಿಗೂ ಸಂಬಂಧಪಟ್ಟದ್ದು. ಒಳಗಿನ ನೆಟ್‌ವರ್ಕ್‌ನಲ್ಲಿರುವ ಟೂಲ್ ಹೊರಗೆ ಕರೆ ಮಾಡುವುದು ಸುಲಭ, ಹೊರಗಿನದು ಒಳಗೆ ಬರಲು ಬಾಗಿಲು ತೆರೆದಿಡಬೇಕು. ಆಯ್ಕೆ ಇದ್ದಾಗ ನಾನು ತಳ್ಳುವ ಕಡೆಗೇ ವಾಲುತ್ತೇನೆ.

ಒಂದು ಕರೆಯ ಒಳಗೆ

ಒಂದು ಕರೆಯನ್ನು ಹತ್ತಿರದಿಂದ ನೋಡೋಣ. ಆ್ಯಪ್‌ಡೈನಮಿಕ್ಸ್‌ನಂಥ ಟೂಲಿನಲ್ಲಿ ಮೊದಲು ಒಂದು ಎಪಿಐ ಕ್ಲೈಂಟ್ ಸೃಷ್ಟಿಸಬೇಕು. ಅದಕ್ಕೊಂದು ಹೆಸರು, ಒಂದು ಸೀಕ್ರೆಟ್. ನೆಟ್‌ವರ್ಕ್ ಟೂಲ್ ಇವೆರಡನ್ನೂ ಟೋಕನ್ ಕೊಡುವ ವಿಳಾಸಕ್ಕೆ ಪೋಸ್ಟ್ ಮಾಡುತ್ತದೆ. ಜೇಸನ್ ಎಂಬ ಪಠ್ಯರೂಪದಲ್ಲಿ ಬರುವ ಉತ್ತರದಲ್ಲಿ ಉದ್ದದ ಟೋಕನ್ನೂ, ಅದರ ಪಕ್ಕದಲ್ಲಿ 300 ಎಂಬ ಸಂಖ್ಯೆಯೂ ಇರುತ್ತದೆ. 300 ಸೆಕೆಂಡು, ಅಂದರೆ ಐದು ನಿಮಿಷ. ಮುಂದಿನ ಪ್ರತಿ ಕರೆಯಲ್ಲೂ ಆಥರೈಸೇಶನ್ ಎಂಬ ಹೆಡರಿನಲ್ಲಿ 'ಬೇರರ್' ಎಂಬ ಪದ, ಒಂದು ಸ್ಪೇಸ್, ಆಮೇಲೆ ಆ ಟೋಕನ್. ಐದು ನಿಮಿಷ ಕಳೆದ ಮೇಲೆ ಅದೇ ಟೋಕನ್ ಹಿಡಿದು ಹೋದರೆ 401 ಎಂಬ ನಿರಾಕರಣೆಯ ಸಂಖ್ಯೆ ಬರುತ್ತದೆ.

ಇಲ್ಲಿ ಕೋಡ್ ಬರೆಯುವವರ ಕೈಗುಣ ಗೊತ್ತಾಗುತ್ತದೆ. ಸರಿಯಾಗಿ ಬರೆದದ್ದು ಅವಧಿ ಮುಗಿಯುವ ಸ್ವಲ್ಪ ಮುಂಚೆ ಹೊಸ ಟೋಕನ್ ತಂದಿಟ್ಟುಕೊಳ್ಳುತ್ತದೆ, ಆದರೂ 401 ಬಂದರೆ ಒಮ್ಮೆ ಮಾತ್ರ ಹೊಸದು ತಂದು ಮರುಯತ್ನ ಮಾಡುತ್ತದೆ. ಅವಸರದಲ್ಲಿ ಬರೆದದ್ದು ಪ್ರತಿ ಕರೆಗೂ ಹೊಸ ಟೋಕನ್ ಕೇಳುತ್ತದೆ. ಟೆಸ್ಟಿಂಗ್‌ನಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ನೂರಾರು ಸಾಧನಗಳ ಅಂಕಿ ಕಳಿಸಲು ಹೊರಟಾಗ ಟೋಕನ್ ಕೊಡುವ ಸರ್ವರೇ ಬೇಸತ್ತು 429 ಕಳಿಸುತ್ತದೆ: ಬಹಳ ಕರೆಗಳಾದವು, ತಡೆದು ಬಾ. ಎಷ್ಟು ಹೊತ್ತು ತಡೆಯಬೇಕೆಂದು ರಿಟ್ರೈ-ಆಫ್ಟರ್ ಹೆಡರಿನಲ್ಲಿ ಬರೆದಿದ್ದರೂ ಅದನ್ನು ಓದುವ ಸ್ಕ್ರಿಪ್ಟ್‌ಗಳು ಅಪರೂಪ.

401 ಮತ್ತು 403ರ ನಡುವಿನ ಭೇದ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. 401 ಎಂದರೆ 'ನೀನು ಯಾರೆಂದು ನನಗೆ ತಿಳಿಯಲಿಲ್ಲ': ಟೋಕನ್ ಇಲ್ಲ, ತಪ್ಪಿದೆ, ಅವಧಿ ಮುಗಿದಿದೆ. 403 ಎಂದರೆ 'ಗೊತ್ತಾಯಿತು, ಆದರೆ ಇದು ನಿನಗೆ ಕೊಟ್ಟ ಅಧಿಕಾರದಲ್ಲಿಲ್ಲ'. ಮೊದಲನೆಯದಕ್ಕೆ ಟೋಕನ್ ಬದಲಿಸಬೇಕು, ಎರಡನೆಯದಕ್ಕೆ ಅದರ ಸ್ಕೋಪ್, ಅಂದರೆ ಅಧಿಕಾರದ ಮಿತಿ, ಬದಲಿಸಬೇಕು. 403 ಬಂದಾಗ ಮತ್ತೆ ಮತ್ತೆ ಹೊಸ ಟೋಕನ್ ಮಾಡಿ ಅಂಟಿಸುತ್ತ ಕೂತರೆ ಏನೂ ಆಗುವುದಿಲ್ಲ. ಎಲ್ಲ ಟೂಲ್‌ಗಳೂ ಈ ಭೇದವನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ ಎಂಬುದೂ ನಿಜ. ಕೆಲವು ಅಧಿಕಾರವಿಲ್ಲದ ಕಡೆ 404 ಕೊಟ್ಟು 'ಅಂಥದ್ದೇನೂ ಇಲ್ಲಿಲ್ಲ' ಎಂದು ನಟಿಸುತ್ತವೆ.

ಟೋಕನ್ ಸರಿಯಿದೆ, ಅಧಿಕಾರವೂ ಇದೆ, ಆದರೂ 401. ಆಗ ಸಣ್ಣ ಸಂಗತಿಗಳನ್ನು ನೋಡಬೇಕು. ಎಲ್ಲ ಟೂಲ್‌ಗಳೂ 'ಬೇರರ್' ಎಂಬ ಪದವನ್ನೇ ಒಪ್ಪುವುದಿಲ್ಲ. ಡೈನಾಟ್ರೇಸ್‌ನ ಎಪಿಐ ಟೋಕನಿಗೆ ಆ ಜಾಗದಲ್ಲಿ 'ಎಪಿಐ-ಟೋಕನ್' ಎಂದಿರಬೇಕು, ಸ್ಪ್ಲಂಕ್‌ನ ಕಲೆಕ್ಟರ್‌ಗೆ 'ಸ್ಪ್ಲಂಕ್' ಎಂದಿರಬೇಕು. ಇನ್ನೊಂದು, ಕಣ್ಣಿಗೆ ಕಾಣದ ತರಲೆ: ಎಕೋ ಕಮಾಂಡಿನಲ್ಲಿ ಟೋಕನನ್ನು ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗಿಸಿ, ಗುಟ್ಟುಗಳನ್ನಿಡುವ ಜಾಗವಾದ ಕುಬರ್ನೆಟೀಸ್ ಸೀಕ್ರೆಟಿಗೆ ಹಾಕಿದಾಗ ಕೊನೆಯಲ್ಲಿ ಒಂದು ಹೊಸಸಾಲಿನ ಅಕ್ಷರ ಸೇರಿಕೊಂಡುಬಿಡುತ್ತದೆ. ಪರದೆಯ ಮೇಲೆ ಎರಡೂ ಟೋಕನ್ ಒಂದೇ ತರಹ ಕಾಣುತ್ತವೆ, ಸರ್ವರಿಗೆ ಮಾತ್ರ ಬೇರೆ ಬೇರೆ. ಎಕೋ ಜೊತೆ ಮೈನಸ್ ಎನ್ ಹಾಕಿದರೆ ಪರಿಹಾರ. ನಡುವಿನ ಪ್ರಾಕ್ಸಿ ಆಥರೈಸೇಶನ್ ಹೆಡರನ್ನೇ ಕಿತ್ತು ಮುಂದೆ ಕಳಿಸುತ್ತಿರುವುದೂ ಉಂಟು. ಹಾಗಾಗಿ ಪರೀಕ್ಷೆಯನ್ನು ನಿಮ್ಮ ಲ್ಯಾಪ್‌ಟಾಪಿನಿಂದ ಮಾಡಬೇಡಿ. ಟೂಲ್ ಓಡುವ ಅದೇ ಯಂತ್ರದಿಂದ, ಅದೇ ದಾರಿಯಲ್ಲಿ, ವಿನಂತಿ ಕಳಿಸುವ ಕರ್ಲ್ ಕಮಾಂಡ್ ಹಾಕಿ ನೋಡಿ.

ಟೋಕನ್ ಇ, ವೈ, ಜೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗಿ ನಡುವೆ ಎರಡು ಚುಕ್ಕೆಗಳಿದ್ದರೆ ಅದು ಬಹುಪಾಲು ಜೆಡಬ್ಲ್ಯುಟಿ, ತನ್ನ ವಿವರಗಳನ್ನು ತನ್ನೊಳಗೇ ಹೊತ್ತ ಟೋಕನ್, 2015ರಲ್ಲಿ ಆರ್‌ಎಫ್‌ಸಿ 7519 ಆಗಿ ಬಂದದ್ದು. ಅದರ ನಡುವಿನ ಭಾಗ ಗೂಢಲಿಪಿಯಲ್ಲ, ಬರೀ ಬೇಸ್64. ಬಿಚ್ಚಿದರೆ ಯಾರು ಕೊಟ್ಟದ್ದು, ಯಾವಾಗ ಕೊಟ್ಟದ್ದು, ಎಂದಿನವರೆಗೆ ಎಂಬುದೆಲ್ಲ ಕಾಣುತ್ತದೆ. ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ ಬರೆದಿರುತ್ತಾರೆ. ಸರ್ವರುಗಳ ಗಡಿಯಾರ ಹೊಂದಿಕೊಂಡಿರದಿದ್ದರೆ ಈಗಷ್ಟೇ ಹುಟ್ಟಿದ ಟೋಕನ್ನೂ 'ಇನ್ನೂ ಜಾರಿಗೆ ಬಂದಿಲ್ಲ' ಎಂದು ತಿರಸ್ಕೃತವಾಗಬಹುದು. ಗಡಿಯಾರ ಹೊಂದಿಸುವ ಎನ್‌ಟಿಪಿ ಓಡುತ್ತಿದೆಯೇ ನೋಡಿ. ಹಾಗೆಯೇ, ಬಿಚ್ಚಿ ನೋಡುವ ಆಸೆಗೆ ಜೀವಂತ ಟೋಕನನ್ನು ಯಾವುದೋ ವೆಬ್‌ಸೈಟಿಗೆ ಅಂಟಿಸಬೇಡಿ.

ಯಾರ ಹೆಸರಿನ ಟೋಕನ್, ಎಷ್ಟು ಅಧಿಕಾರ

ಜೋಡಣೆ ಮಾಡಿದವರು ತಮ್ಮ ಖಾತೆಯಲ್ಲೇ ಟೋಕನ್ ಮಾಡಿಬಿಡುವುದು ಸಹಜ, ಆ ಹೊತ್ತಿಗೆ ಲಾಗಿನ್ ಆಗಿರುವುದು ಅವರೇ ತಾನೇ. ಅವರು ಕೆಲಸ ಬಿಟ್ಟ ದಿನ ಖಾತೆ ಮುಚ್ಚುತ್ತದೆ, ಟೋಕನ್ ಸಾಯುತ್ತದೆ, ನೆಟ್‌ವರ್ಕ್ ಅಂಕಿಗಳು ಬರುವುದು ನಿಲ್ಲುತ್ತದೆ. ಕಾರಣ ಹುಡುಕುವವರಿಗೆ ಆ ಟೋಕನ್ ಯಾರದ್ದಾಗಿತ್ತು ಎಂಬುದೇ ಗೊತ್ತಿರುವುದಿಲ್ಲ. ಇದಕ್ಕೆಂದೇ ಸರ್ವಿಸ್ ಅಕೌಂಟ್ ಇದೆ, ಯಾವ ಮನುಷ್ಯನದ್ದೂ ಅಲ್ಲದ, ಟೂಲ್‌ಗಳಿಗೆಂದೇ ಇರುವ ಖಾತೆ. ಡ್ಯಾಶ್‌ಬೋರ್ಡ್ ಟೂಲ್ ಗ್ರಾಫಾನಾ ತನ್ನ ಹಳೆಯ ಎಪಿಐ ಕೀಗಳನ್ನು ಬದಿಗಿಟ್ಟು ಸರ್ವಿಸ್ ಅಕೌಂಟ್ ಟೋಕನ್‌ಗಳಿಗೆ ಬಂದಿರುವುದು, ಮಾನಿಟರಿಂಗ್ ಟೂಲ್ ಝಬಿಕ್ಸ್ 5.4ನೇ ಆವೃತ್ತಿಯಿಂದ ಎಪಿಐ ಟೋಕನ್ ಕೊಟ್ಟಿರುವುದು ಸ್ಕ್ರಿಪ್ಟುಗಳನ್ನು ಮನುಷ್ಯರ ಲಾಗಿನ್‌ನಿಂದ ಬಿಡಿಸಲು ಅನುಕೂಲ. ಒಂದು ಜೋಡಣೆಗೆ ಒಂದೇ ಟೋಕನ್, ಅದರ ಹೆಸರಲ್ಲೇ ಎಲ್ಲಿಂದ ಎಲ್ಲಿಗೆ ಎಂದು ಬರೆದಿರಬೇಕು. 'ಟೆಸ್ಟ್', 'ಹೊಸದು', 'ಹೊಸದು 2' ಎಂಬ ಹೆಸರಿನ ಟೋಕನ್‌ಗಳನ್ನು ರದ್ದು ಮಾಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಅಧಿಕಾರದ ವಿಷಯದಲ್ಲಿ ಮಾತು ಕಡಿಮೆ ಸಾಕು. ಅಂಕಿ ಓದಲು ಬರುವ ಟೂಲಿಗೆ ಓದುವ ಅಧಿಕಾರ ಮಾತ್ರ. 'ಸದ್ಯಕ್ಕೆ ಅಡ್ಮಿನ್ ಕೊಡೋಣ, ಓಡಿದ ಮೇಲೆ ಕಡಿಮೆ ಮಾಡೋಣ' ಎಂದವರು ಓಡಿದ ಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಮಾನಿಟರಿಂಗ್ ಟೂಲಿನ ಟೋಕನ್ ತಾನೇ ಎಂಬ ಉಡಾಫೆಯೂ ಬೇಡ. ಅಡ್ಮಿನ್ ಟೋಕನ್ ಸಿಕ್ಕವರು ಅಲರ್ಟ್‌ಗಳನ್ನು ಬಾಯಿ ಮುಚ್ಚಿಸಬಲ್ಲರು, ಯಾವ ಸರ್ವರ್ ಎಲ್ಲಿದೆ ಎಂಬ ಇಡೀ ನಕ್ಷೆಯನ್ನೇ ಓದಬಲ್ಲರು. ಕಳ್ಳರಿಗೆ ಮೊದಲು ಬೇಕಾದ್ದು ಅದೇ.

ಸೋರುವ ಜಾಗಗಳು

ಟೋಕನನ್ನು ಕೋಡ್ ಕೂಡಿಡುವ ಗಿಟ್‌ಗೆ ಹಾಕಬಾರದು ಎಂಬುದು ಎಲ್ಲರಿಗೂ ಗೊತ್ತು, ಆದರೂ ಹಾಕುತ್ತಲೇ ಇರುತ್ತಾರೆ. ಈಚಿನ ಟೋಕನ್‌ಗಳಿಗೆ ಗುರುತು ಹಿಡಿಯುವಂಥ ಆರಂಭದ ಅಕ್ಷರಗಳಿರುವುದು ಇದಕ್ಕೇ ಸಹಾಯ. ಗಿಟ್‌ಹಬ್ 2021ರಲ್ಲಿ ತನ್ನ ಟೋಕನ್‌ಗಳಿಗೆ ಇಂಥ ತಲೆಬರಹ ಹಾಕಿತು, ಗ್ರಾಫಾನಾ ಮತ್ತು ಡೈನಾಟ್ರೇಸ್ ಟೋಕನ್‌ಗಳಿಗೂ ತಮ್ಮದೇ ಆದವು ಇವೆ. ಕೋಡ್ ಜಾಲಾಡುವ ಸ್ಕ್ಯಾನರ್‌ಗಳು ಆ ಅಕ್ಷರ ಕಂಡ ಕೂಡಲೇ ಕೂಗುತ್ತವೆ. ಅಳತೆಗಳನ್ನು ಕೂಡಿಹಾಕುವ ಪ್ರೊಮಿಥಿಯಸ್‌ನಲ್ಲಿ ಟೋಕನನ್ನು ಕಾನ್ಫಿಗ್ ಫೈಲಿನೊಳಗೇ ಬರೆಯುವ ಬದಲು ಬೇರೆ ಫೈಲಿನಲ್ಲಿಟ್ಟು ಅದರ ದಾರಿಯನ್ನಷ್ಟೇ ಕೊಡಲು ಅವಕಾಶವಿದೆ. ಕಾನ್ಫಿಗ್ ಗಿಟ್‌ಗೆ ಹೋಗಲಿ, ಫೈಲ್ ಹೊರಗಿರಲಿ.

ಜನ ಮರೆಯುವ ಸೋರಿಕೆ ಬೇರೆಯೇ ಇದೆ, ಅದು ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. ಆ್ಯಪ್ ಮಾನಿಟರಿಂಗ್ ಟೂಲಿನ ಕಸುಬೇ ವಿನಂತಿಗಳನ್ನು ದಾಖಲಿಸುವುದು. ಟೋಕನ್ ಯುಆರ್‌ಎಲ್‌ನೊಳಗೆ ಪ್ರಶ್ನೆಚಿಹ್ನೆಯ ನಂತರ ಕೂತಿದ್ದರೆ ಅದು ವೆಬ್ ಸರ್ವರ್ ಲಾಗಿಗೂ, ಪ್ರಾಕ್ಸಿ ಲಾಗಿಗೂ, ವಿನಂತಿಯ ಪಯಣದ ದಾಖಲೆಯಾದ ಟ್ರೇಸಿಗೂ ಹೋಗಿ ಕೂರುತ್ತದೆ. ಯಾರೋ ಡೀಬಗ್ ಮಾಡಲೆಂದು ಎಲ್ಲ ಹೆಡರ್ ದಾಖಲಿಸುವ ಆಯ್ಕೆ ಹಚ್ಚಿಟ್ಟರೆ ಆಥರೈಸೇಶನ್ ಹೆಡರೂ ಅದರಲ್ಲಿ ಸೇರುತ್ತದೆ. ಡ್ಯಾಶ್‌ಬೋರ್ಡ್ ನೋಡಬಲ್ಲ ಪ್ರತಿಯೊಬ್ಬರ ಕೈಗೂ ಟೋಕನ್ ಸಿಕ್ಕಂತೆ. ಇಂಥ ದಾಖಲೆಗಳನ್ನು ಒಟ್ಟುಮಾಡಿ ಮುಂದೆ ಕಳಿಸುವ ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಬಳಸುವವರು ಹೊರಗೆ ಕಳಿಸುವ ಮುನ್ನವೇ ಇಂಥ ಗುಣಲಕ್ಷಣಗಳನ್ನು ಅಳಿಸುವ ಹಂತ ಸೇರಿಸಿಕೊಳ್ಳಬಹುದು, ಸೇರಿಸಿಕೊಳ್ಳಬೇಕು.

2023ರ ಅಕ್ಟೋಬರಿನಲ್ಲಿ ಲಾಗಿನ್ ಸೇವೆಯ ಓಕ್ಟಾ ಕಂಪನಿಯಲ್ಲಾದದ್ದು ಇದೇ ಜಾತಿಯದ್ದು. ಗ್ರಾಹಕರು ಸಮಸ್ಯೆ ತೋರಿಸಲೆಂದು ಸಪೋರ್ಟಿಗೆ ಕಳಿಸಿದ್ದ ಎಚ್‌ಎಆರ್ ಫೈಲ್‌ಗಳಲ್ಲಿ, ಅಂದರೆ ಬ್ರೌಸರ್ ದಾಖಲಿಸಿದ ವಿನಂತಿಗಳ ಕಟ್ಟಿನಲ್ಲಿ, ಸೆಷನ್ ಟೋಕನ್‌ಗಳಿದ್ದವು. ಸಪೋರ್ಟ್ ವ್ಯವಸ್ಥೆಗೆ ನುಗ್ಗಿದವರಿಗೆ ಅವು ಸಿಕ್ಕವು. ಅದರ ಮುಂದಿನ ಅಧ್ಯಾಯವನ್ನು ಓಕ್ಟಾದ ಗ್ರಾಹಕ ಕಂಪನಿ ಕ್ಲೌಡ್‌ಫ್ಲೇರ್ 2024ರ ಫೆಬ್ರವರಿಯಲ್ಲಿ ತಾನೇ ಬರೆದು ಪ್ರಕಟಿಸಿತು. ಆ ಘಟನೆಯಲ್ಲಿ ಸೋರಿದ್ದ ತನ್ನ ಗುಟ್ಟುಗಳ ಪೈಕಿ ಒಂದು ಸರ್ವಿಸ್ ಟೋಕನ್ ಮತ್ತು ಮೂರು ಸರ್ವಿಸ್ ಅಕೌಂಟ್‌ಗಳನ್ನು, ಬಳಕೆಯಲ್ಲಿಲ್ಲ ಎಂದುಕೊಂಡು, ಬದಲಿಸದೆ ಬಿಟ್ಟಿತ್ತು. 2023ರ ನವೆಂಬರಿನಲ್ಲಿ ದಾಳಿಕೋರರು ಅವನ್ನೇ ಹಿಡಿದು ಅದರ ಒಳಗಿನ ಅಟ್ಲಾಸಿಯನ್ ವ್ಯವಸ್ಥೆಗೆ ಬಂದರು. ಆಮೇಲೆ ಕಂಪನಿ 5,000ಕ್ಕೂ ಹೆಚ್ಚು ಗುಟ್ಟುಗಳನ್ನು ಬದಲಿಸಿತು. ಬಳಕೆಯಲ್ಲಿಲ್ಲದ ಟೋಕನ್ ಎಂದರೆ ರದ್ದಾದ ಟೋಕನ್ ಅಲ್ಲ.

ಬದಲಿಸುವಾಗ ಹಳೆಯದನ್ನು ಮೊದಲು ಕೊಂದು ಆಮೇಲೆ ಹೊಸದನ್ನು ಹುಟ್ಟಿಸಿದರೆ ನಡುವೆ ಕುರುಡು. ಹೊಸದನ್ನು ಮಾಡಿ, ಹಾಕಿ, ಅಂಕಿ ಬರುತ್ತಿದೆಯೇ ನೋಡಿ, ಹಳೆಯದರ 'ಕೊನೆಯ ಬಳಕೆ' ಕಾಲ ಮುಂದಕ್ಕೆ ಓಡುವುದು ನಿಂತಿತೇ ನೋಡಿ, ಆಮೇಲೆ ರದ್ದು ಮಾಡಿ. ಕೊನೆಯ ಬಳಕೆಯ ಕಾಲ ತೋರಿಸದ ಟೂಲ್ ಆದರೆ ಇದೇ ಕೆಲಸ ಊಹೆಯ ಮೇಲೆ ನಡೆಯುತ್ತದೆ. ಟೂಲ್ ಆರಿಸುವಾಗ ಯಾರೂ ಇದನ್ನು ಕೇಳುವುದಿಲ್ಲ, ಕೇಳಬೇಕು.

ಒಳಗೆ ಬಂದ ಮೇಲೆ ಹೊಂದಿಸುವುದು

ಟೋಕನ್ ಬಾಗಿಲು ತೆರೆಯುತ್ತದೆ, ಅಷ್ಟೇ. ನೆಟ್‌ವರ್ಕ್ ಟೂಲಿನ ಸಾಲು ಐಪಿ ವಿಳಾಸದ ಹೆಸರಿನಲ್ಲಿದ್ದು, ಆ್ಯಪ್ ಟೂಲಿನ ಸಾಲು ಸರ್ವಿಸ್ ಹೆಸರಿನಲ್ಲಿದ್ದರೆ ಎರಡನ್ನೂ ಹೊಂದಿಸುವ ಕೊಂಡಿ ಬೇಕು. ವಿನಂತಿಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್, ವಿಳಾಸ ಬದಲಿಸುವ ಎನ್‌ಎಟಿ ನಡುವೆ ಬಂದರೆ ಐಪಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಇರುವುದರಲ್ಲಿ ಗಟ್ಟಿ ಕೊಂಡಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ 2020ರಲ್ಲಿ ಶಿಫಾರಸು ಮಾಡಿದ ಟ್ರೇಸ್‌ಪೇರೆಂಟ್ ಹೆಡರ್: 32 ಹೆಕ್ಸ್ ಅಕ್ಷರಗಳ ಒಂದು ಗುರುತು, ವಿನಂತಿ ಎಷ್ಟು ಸರ್ವಿಸ್ ದಾಟಿದರೂ ಅದೇ ಉಳಿಯುತ್ತದೆ. ಹೊರಗಿನಿಂದ ಕೃತಕ ಪರೀಕ್ಷೆ ಕಳಿಸುವ ಟೂಲ್ ಈ ಹೆಡರ್ ಹಾಕಿ ಕಳಿಸಿದರೆ, ದಾರಿಯಲ್ಲಿ ಎಷ್ಟು ಹೊತ್ತಾಯಿತು, ಸರ್ವರಿನಲ್ಲಿ ಎಷ್ಟು ಹೊತ್ತಾಯಿತು ಎರಡೂ ಒಂದೇ ಗುರುತಿನಡಿ ಸಿಗುತ್ತವೆ. ಕಾಲವನ್ನು ಎರಡೂ ಕಡೆ ಯುಟಿಸಿಯಲ್ಲಿಡಿ.

ಇನ್ನು ಕೊನೆಯ ಮಾತು ಮೌನದ ಬಗ್ಗೆ. ಟೋಕನ್ ಸತ್ತಾಗ ಆ್ಯಪ್‌ಗೆ ಏನೂ ಆಗುವುದಿಲ್ಲ, ಬಳಕೆದಾರರಿಗೂ ಏನೂ ತಿಳಿಯುವುದಿಲ್ಲ. ಅಂಕಿಗಳು ಬರುವುದು ನಿಲ್ಲುತ್ತದೆ, ಅಂಕಿ ಮಿತಿ ಮೀರಿದರೆ ಕೂಗು ಎಂದು ಬರೆದ ಅಲರ್ಟ್‌ಗೆ ಮಿತಿ ಮೀರಲು ಅಂಕಿಯೇ ಇರುವುದಿಲ್ಲ. ಗ್ರಾಫಾನಾದಲ್ಲಿ ಡೇಟಾ ಬಾರದಿದ್ದರೆ ಏನೆಂದು ತಿಳಿಯಬೇಕು ಎಂಬುದಕ್ಕೇ ಒಂದು ಆಯ್ಕೆಯಿದೆ. ಮಧ್ಯರಾತ್ರಿಯ ಕಾಟ ತಪ್ಪಲಿ ಎಂದು ಅಲ್ಲಿ 'ಓಕೆ' ಎಂದು ಇಟ್ಟವರ ಡ್ಯಾಶ್‌ಬೋರ್ಡ್ ಟೋಕನ್ ಸತ್ತ ಮೇಲೂ ಹಸಿರಾಗಿಯೇ ಇರುತ್ತದೆ. ಪ್ರೊಮಿಥಿಯಸ್‌ನಲ್ಲಿ 401 ಬಂದರೂ 'ಅಪ್' ಎಂಬ ಅಳತೆ ಸೊನ್ನೆಯಾಗುತ್ತದೆ, ಅದರ ಮೇಲೊಂದು ಅಲರ್ಟ್ ಇರಲಿ. ಆ ಗುರಿಯೇ ಪಟ್ಟಿಯಿಂದ ಕಾಣೆಯಾದರೆ 'ಅಪ್' ಕೂಡ ಕಾಣೆ, ಅದಕ್ಕೆ 'ಆ್ಯಬ್ಸೆಂಟ್' ಎಂಬ ಫಂಕ್ಷನ್ ಬೇರೆ ಇದೆ.

ಪರೀಕ್ಷೆ ಸುಲಭ: ಟೆಸ್ಟ್ ವ್ಯವಸ್ಥೆಯಲ್ಲಿ ಬೇಕೆಂದೇ ಟೋಕನ್ ರದ್ದು ಮಾಡಿ, ಯಾರ ಫೋನ್ ಎಷ್ಟು ಹೊತ್ತಿಗೆ ರಿಂಗಾಗುತ್ತದೆ ನೋಡಿ. ರಿಂಗಾಗದಿದ್ದರೆ, ಫೋನಿಗೆ ಸುದ್ದಿ ಮುಟ್ಟಿಸುವ ದಾರಿಯನ್ನೂ ಒಮ್ಮೆ ನೋಡಬೇಕು. ಅಲ್ಲಿಯೂ ಒಂದು ವೆಬ್‌ಹುಕ್, ಅಂದರೆ ಸುದ್ದಿ ಕಳಿಸುವ ವೆಬ್ ವಿಳಾಸ, ಅದರಲ್ಲಿಯೂ ಒಂದು ಟೋಕನ್ ಇರುತ್ತದೆ. ಪ್ರೊಮಿಥಿಯಸ್ ಬಳಸುವವರು ಇದಕ್ಕೆ 'ವಾಚ್‌ಡಾಗ್' ಎಂಬ, ಸದಾ ಕೂಗುತ್ತಲೇ ಇರುವ ಒಂದು ಅಲರ್ಟ್ ಇಟ್ಟುಕೊಳ್ಳುತ್ತಾರೆ. ಅದು ಹೋಗಿ ಸೇರುವುದು ಬೇರೆಯದೇ ವ್ಯವಸ್ಥೆಗೆ, ಆ ವ್ಯವಸ್ಥೆ ಎಚ್ಚರಿಸುವುದು ಕೂಗು ನಿಂತಾಗ.